ಅಮ್ಮ ಕೇಳಿದ್ದು: "ಇವಳು ಯಾರ ಜೊತೆ ಜಗಳ ಆಡ್ತಿದಾಳೆ?"

ನಮ್ಮ ಹಳೇ ಕಾರಲ್ಲಿ ಇನ್ನೂ ಸಿಡಿ ಪ್ಲೇಯರ್ ಇದೆ. ಅದರ ನೆಪದಲ್ಲೇ ಅಮೆರಿಕದ ಗಾಯಕಿ ಬೆಟ್ಟಿ ಲವೆಟ್ ಅವರ 'ಥಿಂಗ್ಸ್ ಹ್ಯಾವ್ ಚೇಂಜ್ಡ್' ಸಿಡಿಯನ್ನು ಆನ್‌ಲೈನಲ್ಲಿ ಸೆಕೆಂಡ್ ಹ್ಯಾಂಡ್ ತರಿಸಿದೆ. ಡಬ್ಬಿಯ ಮುಚ್ಚಳ ಒಡೆದಿತ್ತು. ಮಾರಿದವರು ಮೆಸೇಜಿಗೆ ಉತ್ತರವನ್ನೇ ಕೊಡಲಿಲ್ಲ. ಸಿಡಿ ಮೇಲೆ ಒಂದು ಗೀರೂ ಇರಲಿಲ್ಲ, ಹಾಗಾಗಿ ಸುಮ್ಮನಾದೆ.

2018ರ ಆಲ್ಬಂ ಇದು. 12 ಹಾಡು, ಹನ್ನೆರಡೂ ಅಮೆರಿಕದ ಕವಿ-ಗಾಯಕ ಬಾಬ್ ಡಿಲನ್ ಬರೆದವು. ಲವೆಟ್ ಅವರದು ಸೋಲ್, ಅಂದರೆ ಅಮೆರಿಕದ ಕಪ್ಪು ಜನರ ಭಾವ ತುಂಬಿದ ಗಾಯನ ಶೈಲಿ. ಸೋಲ್ ಗಾಯಕರು ಡಿಲನ್ ಬರೆದದ್ದನ್ನು ಹಾಡುವುದು ಹೊಸದೇನಲ್ಲ. ಸ್ಟೀವಿ ವಂಡರ್ 1966ರಲ್ಲೇ 'ಬ್ಲೋಯಿನ್ ಇನ್ ದ ವಿಂಡ್' ಹಾಡಿ ಹಿಟ್ ಮಾಡಿದ್ದರು, 1971ರಲ್ಲಿ ಐಸ್ಲಿ ಬ್ರದರ್ಸ್ 'ಲೇ ಲೇಡಿ ಲೇ' ಹಾಡನ್ನು ಹತ್ತು ನಿಮಿಷಕ್ಕೂ ಜಾಸ್ತಿ ಎಳೆದು ಮಜಾ ತೆಗೆದುಕೊಂಡಿದ್ದರು. ಅವೆಲ್ಲ ಊರಿಗೇ ಗೊತ್ತಿದ್ದ ಹಾಡುಗಳು. ಲವೆಟ್ ಆರಿಸಿದ್ದರಲ್ಲಿ ಅರ್ಧದಷ್ಟು 1979ರಿಂದ 1989ರ ನಡುವಿನವು, ಡಿಲನ್ ಭಕ್ತರೇ ಮುಖ ಸಿಂಡರಿಸುವ ಕಾಲದವು. 'ಎಮೋಷನಲಿ ಯುವರ್ಸ್' ಹಾಡನ್ನು 1985ರ ಮೂಲದಲ್ಲಿ ನಾನು ಪ್ರತಿ ಸಲ ಮುಂದಕ್ಕೆ ಓಡಿಸುತ್ತಿದ್ದೆ. ಇಲ್ಲಿ ಅದೇ ಹಾಡು ಮುಗಿದಾಗ ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಗೊರಗುಂಟೆಪಾಳ್ಯದ ಸಿಗ್ನಲ್ ಹಸಿರಾಗಿದ್ದೇ ಗೊತ್ತಾಗಿರಲಿಲ್ಲ.

ಲವೆಟ್ ದನಿ ಚೆಂದ ಅಂತ ಹೇಳಲಾರೆ. ಒರಟು, ಅಲ್ಲಲ್ಲಿ ಸೀಳುತ್ತದೆ. 1962ರಲ್ಲಿ, 16ನೇ ವಯಸ್ಸಿಗೆ ಮೊದಲ ಹಿಟ್ ಕೊಟ್ಟವರು ಇವರು. ಹತ್ತು ವರ್ಷ ಬಿಟ್ಟು ಇಡೀ ಒಂದು ಆಲ್ಬಂ ಹಾಡಿ ಮುಗಿಸಿದರೆ ಕಂಪನಿ ಅದನ್ನು ಮೂಲೆಗೆ ಹಾಕಿತು. ಅದು ಹೊರಗೆ ಬಂದಿದ್ದು 2000ದಲ್ಲಿ, ಅದೂ ಫ್ರಾನ್ಸಿನಲ್ಲಿ! ಅಷ್ಟು ವರ್ಷ ಕಾದವರ ಬಾಯಲ್ಲಿ 'ದ ಟೈಮ್ಸ್ ದೇ ಆರ್ ಎ-ಚೇಂಜಿನ್' ಕೇಳಿ ನೋಡಿ. 1964ರಲ್ಲಿ ಗಿಟಾರ್, ಮೌತ್ ಆರ್ಗನ್ ಹಿಡಿದ ಹುಡುಗ ಡಿಲನ್ ಕಾಲ ಬದಲಾಗುತ್ತಿದೆ ಅಂತ ಊರಿಗೆಲ್ಲ ಸಾರಿದ್ದ. ಈಯಮ್ಮ ಅದನ್ನು, ಬದಲಾಯಿತಾ, ಎಲ್ಲಿ ತೋರಿಸು ಅನ್ನುವ ಹಾಗೆ ಹಾಡುತ್ತಾರೆ. ಹಿಂದಿನ ಸೀಟಲ್ಲಿ ಕೂತಿದ್ದ ಅಮ್ಮ ಇಂಗ್ಲಿಷ್ ಹಾಡಿನ ಗೊಡವೆಗೇ ಹೋಗುವವರಲ್ಲ, "ಇವಳು ಯಾರ ಜೊತೆ ಜಗಳ ಆಡ್ತಿದಾಳೆ ಕಣೋ?" ಅಂದರು. ಕವಿ ಜೊತೆನೇ ಅಮ್ಮ, ಅಂದೆ.

ನನಗೆ ಹಿಡಿಸಿದ್ದೂ ಆ ಜಗಳವೇ. ಮಾತು ಬದಲಾಯಿಸಿದ್ದಾರೆ, ರಾಗ ಗುರುತೇ ಸಿಗದ ಹಾಗೆ ತಿರುಗಿಸಿದ್ದಾರೆ. ಬರೆದವರು 2016ರಲ್ಲಿ ನೊಬೆಲ್ ಪಡೆದವರು ಅನ್ನುವ ಮುಲಾಜೇ ಇಲ್ಲ. ನಮ್ಮಲ್ಲಿ ಕುವೆಂಪು ನಾಡಗೀತೆಗೆ ಅನಂತಸ್ವಾಮಿ ಧಾಟಿಯೋ ಅಶ್ವತ್ಥ್ ಧಾಟಿಯೋ ಅಂತ ಎಷ್ಟು ವರ್ಷ ಎಳೆದಾಡಿದೆವು ಅಲ್ವಾ, ಕೊನೆಗೆ 2022ರಲ್ಲಿ ಸರ್ಕಾರವೇ ಅನಂತಸ್ವಾಮಿ ಧಾಟಿ, ಎರಡೂವರೆ ನಿಮಿಷ ಅಂತ ಗೊತ್ತು ಮಾಡಬೇಕಾಯಿತು. ನಾಡಗೀತೆಗೆ ಅದು ಸರಿ ಇರಬಹುದು. ಭಾವಗೀತೆಗೂ ನಾವು ಹಾಗೇ ಮಾಡುತ್ತೇವೆ. ಒಬ್ಬರು ಹಾಡಿದ ಧಾಟಿ ಕಿವಿಗೆ ಕೂತರೆ ಮುಗಿಯಿತು, ಇನ್ನೊಬ್ಬರು ಬೇರೆ ಥರ ಹಾಡಿದರೆ ಸಭೆಯಲ್ಲೇ ಗೊಣಗಾಟ.

ಸ್ಟೀವ್ ಜೋರ್ಡನ್ ಈ ಆಲ್ಬಮ್ಮಿನ ನಿರ್ಮಾಪಕರು, ಡ್ರಮ್ಸ್ ಕೂಡ ಅವರದೇ. ವಾದ್ಯ ಎಲ್ಲೂ ದನಿಯ ಮೇಲೆ ಹತ್ತಿ ಕೂರುವುದಿಲ್ಲ. 'ಇಟ್ ಏಂಟ್ ಮಿ ಬೇಬ್' ಎಷ್ಟು ನಿಧಾನ ಅಂದರೆ ಡಿಲನ್ ತಳ್ಳಿಬಿಟ್ಟಿದ್ದ ಪ್ರೇಮಿಯನ್ನು ಇವರು ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನವಾಗಿ ಬೇಡ ಅನ್ನುತ್ತಾರೆ. 'ಪೊಲಿಟಿಕಲ್ ವರ್ಲ್ಡ್' ಮಾತ್ರ ನನಗೆ ಸಪ್ಪೆ. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಕೀತ್ ರಿಚರ್ಡ್ಸ್ ಗಿಟಾರ್ ಇದೆ ಅಂತ ಆಸೆಯಿಂದ ಕಾದಿದ್ದೆ, ಬಂದು ಹೋದ ಹಾಗಾಯಿತು.

ಕೆಲಸ ಮಾಡುತ್ತಾ ಹಿನ್ನೆಲೆಯಲ್ಲಿ ಹಾಕಿಕೊಳ್ಳಲು ಹುಡುಕುತ್ತಿದ್ದರೆ ಇದು ಬೇಡ, ಕೆಲಸ ಕೆಡುತ್ತದೆ. ಡಿಲನ್ ದನಿ ಕಂಡರಾಗದವರು ತಗೊಳ್ಳಿ. ಡಬ್ಬಿಯನ್ನು ಮಾತ್ರ ಮೊದಲೇ ಫೋಟೋ ಕೇಳಿ ನೋಡಿಕೊಳ್ಳಿ.