ಸ್ಟೇಷನ್‌ನಲ್ಲಿ ಪೆಟ್ಟು ತಿಂದವರ ಕೇಸ್ ಹಿಡಿಯುವ ಮಂಗಳೂರಿನ ಒಂದು ವಕೀಲರ ಆಫೀಸು: ಐದಕ್ಕೆ ನಾಲ್ಕು ಸ್ಟಾರ್

ಮೊದಲೇ ಹೇಳ್ತೇನೆ, ಆಫೀಸಿನ ಹೆಸರು ಹಾಕುದಿಲ್ಲ. ವಕೀಲರು ಜಾಹೀರಾತು ಮಾಡ್ಲಿಕ್ಕೆ ಬಾರ್ ಕೌನ್ಸಿಲ್ ರೂಲ್ಸ್‌ನಲ್ಲಿ ಇಲ್ಲ, "ನೀವು ಹೆಸರು ಹಾಕಿ ಹೊಗಳಿದ್ರೆ ನಾನೇ ಬರೆಸಿದ್ದು ಅಂತ ಆಗ್ತದೆ ಮಾರಾಯ್ರೆ" ಅಂದ್ರು ಅಲ್ಲಿಯ ಸೀನಿಯರ್ ವಕೀಲರು, ಮತ್ತೆ ನಮ್ಮ ಕೇಸೂ ಇನ್ನೂ ನಡೀತಾ ಉಂಟು. ಮಂಗಳೂರು ಕೋರ್ಟ್ ಹತ್ತಿರ, ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಹೋಗ್ಲಿಕ್ಕೆ ಲಿಫ್ಟ್ ಇಲ್ಲ, ಅಷ್ಟು ಸಾಕು. ಹೆಸರಿಲ್ಲದ ರಿವ್ಯೂ ಎಂತಕ್ಕೆ ಅಂತ ನೀವು ಕೇಳ್ಬಹುದು. ಇಂಥ ಕೇಸಿಗೆ ಒಳ್ಳೆ ವಕೀಲರು ಅಂದ್ರೆ ಎಂತ ಮಾಡ್ತಾರೆ, ಎಷ್ಟು ಬೇಗ ಮಾಡ್ತಾರೆ ಅಂತ ಗೊತ್ತಿದ್ರೆ ನೀವೇ ಯಾರನ್ನಾದ್ರೂ ಅಳೆದು ನೋಡ್ಬಹುದಲ್ಲ, ಅದಕ್ಕೆ.

ವಿಷಯ ಇಷ್ಟು. ನನ್ನ ಭಾವ ದಕ್ಕೆಯಲ್ಲಿ (ಮೀನಿನ ಬಂದರಲ್ಲಿ) ಮೀನಿನ ಟೆಂಪೋ ಓಡಿಸ್ತಾರೆ. ಯಾವುದೋ ಕಳ್ಳತನದ ಕೇಸಲ್ಲಿ "ಸ್ವಲ್ಪ ಎನ್‌ಕ್ವೈರಿ ಉಂಟು, ಬಾ" ಅಂತ ಪೊಲೀಸರು ಕರ್ಕೊಂಡು ಹೋದ್ರು. ಯಾವ ಸ್ಟೇಷನ್ ಅಂತ ಇಲ್ಲಿ ಬೇಡ. ರಾತ್ರಿ ಇಡೀ ಇಟ್ಕೊಂಡ್ರು, ಒಪ್ಪಿಕೋ ಅಂತ ಅಂಗಾಲಿಗೆ ಹೊಡೆದ್ರು, ಮರುದಿನ ಸಂಜೆ "ಹೋಗು, ಕರೆದಾಗ ಬಾ" ಅಂತ ಬಿಟ್ರು. ಅರೆಸ್ಟ್ ಇಲ್ಲ, ನೋಟಿಸ್ ಇಲ್ಲ, ಒಂದು ಚೀಟಿ ಕೂಡ ಇಲ್ಲ. ಕಾಗದದ ಲೆಕ್ಕದಲ್ಲಿ ಭಾವ ಆ ಸ್ಟೇಷನ್ ಮೆಟ್ಟಿಲೇ ಹತ್ತಿಲ್ಲ.

ಮೊದಲು ಬೇರೆ ಒಬ್ಬ ವಕೀಲರ ಹತ್ರ ಹೋಗಿದ್ದೆವು. ಅವರು ಕೂತಲ್ಲೇ ನೇರ ಹೈಕೋರ್ಟ್, ಐವತ್ತು ಲಕ್ಷ ಪರಿಹಾರ, ಟಿವಿಯವರನ್ನು ಕರೆಸುವ ಅಂತ ಶುರು ಮಾಡಿದ್ರು, ಭಾವನ ಕಾಲು ನೋಡ್ಲೇ ಇಲ್ಲ. ಈ ಆಫೀಸಲ್ಲಿ ಕೇಳಿದ ಮೊದಲ ಪ್ರಶ್ನೆ "ವೆನ್ಲಾಕ್‌ಗೆ ಹೋದ್ರಾ?" (ಮಂಗಳೂರಿನ ಸರ್ಕಾರಿ ಆಸ್ಪತ್ರೆ). ಇಲ್ಲ ಅಂದದ್ದಕ್ಕೆ ಕೇಸಿನ ಮಾತೇ ಆಡ್ಲಿಲ್ಲ, ಒಬ್ಬ ಜೂನಿಯರನ್ನು ಜೊತೆಗೆ ಕಳಿಸಿದ್ರು. ಎಂಎಲ್‌ಸಿ (ಪೆಟ್ಟಿನ ಗಾಯವನ್ನು ಪೊಲೀಸ್ ಕೇಸಿನ ಗಾಯ ಅಂತ ಆಸ್ಪತ್ರೆಯಲ್ಲಿ ದಾಖಲು ಮಾಡುದು) ಮಾಡಿಸ್ಬೇಕು, ಡಾಕ್ಟರ್ ಕೇಳಿದ್ರೆ ಬಿದ್ದದ್ದು ಅಂತ ಹೇಳ್ಬಾರ್ದು, ಯಾರು ಯಾವಾಗ ಎಂತದ್ರಲ್ಲಿ ಹೊಡೆದದ್ದು ಅಂತ ಹೇಳ್ಬೇಕು, ಹೇಳಿದ್ದನ್ನು ಬರ್ಕೊಂಡ್ರಾ ಅಂತ ನೋಡ್ಬೇಕು. ಎಂಎಲ್‌ಸಿ ಆದ್ರೆ ಅದರ ಮಾಹಿತಿ ಪೊಲೀಸರಿಗೇ ಹೋಗ್ತದೆ ಅಂತ ಕೇಳಿ ಭಾವ ಹೆದರಿದ್ರು, "ಹೋಗ್ಲಿ ಬಿಡಿ, ನೀವು ಹೇಳಿದ್ದು ಅಲ್ಲಿಯ ರೆಕಾರ್ಡ್‌ಗೂ ಸೇರ್ಲಿ" ಅಂದ್ರು ಜೂನಿಯರ್. ಬಾಸುಂಡೆ ಮೊದಲು ಕೆಂಪು, ಮತ್ತೆ ನೀಲಿ, ಆಮೇಲೆ ಹಸಿರು ಹಳದಿ ಆಗಿ ಎರಡು ವಾರದಲ್ಲಿ ಹೆಚ್ಚುಕಡಿಮೆ ಮಾಯ ಆಗ್ತದಂತೆ, ಪೆಟ್ಟು ಬಿದ್ದು ಎಷ್ಟು ದಿನ ಆಯ್ತು ಅಂತ ಡಾಕ್ಟರ್ ಅಂದಾಜು ಮಾಡುದು ಈ ಬಣ್ಣ ನೋಡಿ. ಅಂಗಾಲಿನ ಪೆಟ್ಟಂತೂ ಹೊರಗೆ ಗುರುತೇ ಕಡಿಮೆ ಬಿಡ್ತದೆ, ಅಲ್ಲಿಗೇ ಹೊಡೆಯುದೂ ಅದಕ್ಕೇ. ಎಂಎಲ್‌ಸಿಗೆ ಉಡುಪಿಯವರಾದ್ರೆ ಅಜ್ಜರಕಾಡು ಜಿಲ್ಲಾಸ್ಪತ್ರೆ.

ನನಗೆ ಈ ಆಫೀಸು ಹಿಡಿಸಿದ್ದು ಆಮೇಲಿನ ಕೆಲಸದಲ್ಲಿ. ಸೀನಿಯರ್ ಹಳೇ ಕಾಸ್ ಲಿಸ್ಟ್ (ಕೋರ್ಟಿನ ದಿನದ ಕೇಸುಗಳ ಪಟ್ಟಿ) ಒಂದನ್ನು ತಿರುಗಿಸಿ ಹಿಂದಿನ ಖಾಲಿ ಪುಟದಲ್ಲಿ ಸ್ಟೇಷನ್ನಿನ ನಕ್ಷೆ ಬರೀಲಿಕ್ಕೆ ಭಾವನಿಗೆ ಹೇಳಿದ್ರು. ಬಾಗಿಲು ಎಲ್ಲಿ, ಬೆಂಚ್ ಎಲ್ಲಿ, ಗೋಡೆ ಎಂತ ಬಣ್ಣ, ಗಡಿಯಾರ ಯಾವ ಬದಿ, ಹೊಡೆದ ಕೋಣೆಗೆ ಹೋಗುವಾಗ ಎಡಕ್ಕೆ ತಿರುಗಿದ್ದಾ ಬಲಕ್ಕಾ, ಚಾ ತಂದ ಹುಡುಗ ಯಾರು. ಕನ್ನಡದಲ್ಲಿ ತಡವರಿಸ್ತಿದ್ದ ಭಾವ, ಇವರು ತುಳುವಿಗೆ ಇಳಿದ ಮೇಲೆ ನಮ್ಮ ಅಕ್ಕನಿಗೂ ಹೇಳದ್ದನ್ನೆಲ್ಲ ಹೇಳಿದ್ರು. ಬರೆದಾದ ಮೇಲೆ ಒಂದೇ ಪ್ರಶ್ನೆ, ಕ್ಯಾಮೆರಾ ಎಲ್ಲೆಲ್ಲಿ ಇತ್ತು ನೆನಪುಂಟಾ? ಭಾವ ಪೆನ್ನಲ್ಲಿ ಮೂರು ಚುಕ್ಕೆ ಇಟ್ರು. ಭಾವ ಒಳಗೇ ಬರ್ಲಿಲ್ಲ ಅಂತ ನಾಳೆ ಪೊಲೀಸರು ಹೇಳಿದ್ರೆ ಹೋಗದವನಿಗೆ ಇದೆಲ್ಲ ಹೇಗೆ ಗೊತ್ತು?

ಆ ಚುಕ್ಕೆಗಳ ಮೇಲೆಯೇ ಮೊದಲ ಪತ್ರ ಹೋಯ್ತು. 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಕೇಸಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಸ್ಟೇಷನ್‌ಗೂ ಸಿಸಿಟಿವಿ ಹಾಕ್ಬೇಕು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ರೂಮ್ ಯಾವುದೂ ಬಿಡ್ಬಾರ್ದು, ಶಬ್ದವೂ ರೆಕಾರ್ಡ್ ಆಗ್ಬೇಕು, 18 ತಿಂಗಳು ಇಡ್ಬೇಕು, ಅಷ್ಟು ಸ್ಟೋರೇಜ್ ಸಿಗದಿದ್ರೂ ಒಂದು ವರ್ಷಕ್ಕೆ ಕಡಿಮೆ ಆಗ್ಬಾರ್ದು ಅಂತ ಹೇಳಿದೆ. ಫೂಟೇಜ್ ಉಳಿಸಿ ಅಂತ ಕೇಳುವ ಹಕ್ಕು ನಮಗೆ ಉಂಟು, ಅದನ್ನು ಸ್ಟೇಷನ್ ಹೊರಗೆ ಬೋರ್ಡ್‌ನಲ್ಲೇ ಬರೆದು ಹಾಕ್ಬೇಕಂತೆ (ನೀವು ಓದಿದ್ದೀರಾ? ನಾನಂತೂ ಓದಿರ್ಲಿಲ್ಲ). ಆದ್ರೆ ಕೋರ್ಟ್ ಹೇಳಿದ್ದು ಒಂದು, ಕೇಳುವಾಗ "ಹಾರ್ಡ್‌ಡಿಸ್ಕ್ ಹಾಳಾಗಿದೆ" ಅನ್ನುದು ಇನ್ನೊಂದು. ಆದ ಕಾರಣ ತಾರೀಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ಜಾಗದ ಕ್ಯಾಮೆರಾ ಅಂತೆಲ್ಲ ಬರೆದು ಠಾಣಾಧಿಕಾರಿಗೆ ಒಂದು, ಪಾಂಡೇಶ್ವರದಲ್ಲಿ ಕಮಿಷನರ್ ಆಫೀಸಿಗೆ ಒಂದು, ಅಲ್ಲಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಮ್ಮ ಕಾಪಿಗೆ ಸೀಲ್ ಹಾಕಿಸಿಕೊಂಡೇ ಬಂದ್ರು. ಈ ಸೀಲ್ ಇದ್ರೆ ಮತ್ತೆ ಫೂಟೇಜ್ ಇಲ್ಲ ಅಂದದ್ದಕ್ಕೆ ಅವರೇ ಉತ್ತರ ಕೊಡ್ಬೇಕಾಗ್ತದೆ. ಪೇಟೆಯಿಂದ ಹೊರಗಿನ ತಾಲೂಕು, ಉಡುಪಿ ಜಿಲ್ಲೆಯವರಾದ್ರೆ ಕಮಿಷನರ್ ಅಲ್ಲ, ಎಸ್‌ಪಿ.

ಕಂಪ್ಲೇಂಟಿನ ದಾರಿ ಹೀಗೆ. ಸ್ಟೇಷನ್‌ನಲ್ಲಿ ತಗೊಳ್ಳದಿದ್ರೆ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 173(4)ರಲ್ಲಿ ಮೇಲಧಿಕಾರಿಗೆ ಕಳಿಸುದು, ಅಲ್ಲೂ ಆಗದಿದ್ರೆ 175(3)ರಲ್ಲಿ ಮ್ಯಾಜಿಸ್ಟ್ರೇಟ್ ಹತ್ರ ಅಫಿಡವಿಟ್ ಹಾಕಿ ತನಿಖೆಗೆ ಆರ್ಡರ್ ಕೇಳುದು. ತಪ್ಪೊಪ್ಪಿಗೆ ಪಡೀಲಿಕ್ಕೆ ಹೊಡೆಯುದು ಬಿಎನ್‌ಎಸ್ (ಹಳೇ ಐಪಿಸಿ ಜಾಗಕ್ಕೆ ಬಂದದ್ದು) 120ರಲ್ಲಿ ಅಪರಾಧ, 7 ವರ್ಷದವರೆಗೆ ಶಿಕ್ಷೆ, ಗಂಭೀರ ಗಾಯ ಆದ್ರೆ 10. 2024ರ ಜುಲೈಯಿಂದ ಈ ಹೊಸ ಕಾನೂನು ಬಂದ ಮೇಲೆ ಒಂದು ತೊಡಕು ಜಾಸ್ತಿ ಆಗಿದೆ: ಸರ್ಕಾರಿ ನೌಕರ ಡ್ಯೂಟಿಯಲ್ಲಿ ಮಾಡಿದ್ದು ಅಂತ ಆದ್ರೆ ಮ್ಯಾಜಿಸ್ಟ್ರೇಟ್ ಮೊದಲು ಅವನ ಮೇಲಧಿಕಾರಿಯ ವರದಿ ತರಿಸಿ, ಅವನು ಹೇಳುದನ್ನೂ ನೋಡ್ಬೇಕು. ಅದರ ಮೇಲೆ ಕರ್ನಾಟಕ ಪೊಲೀಸ್ ಆ್ಯಕ್ಟ್ 170ನೇ ಸೆಕ್ಷನ್, ಡ್ಯೂಟಿಗೆ ಸಂಬಂಧ ಇದ್ರೆ ಮಿತಿ ಮೀರಿದ್ದಕ್ಕೂ ಸರ್ಕಾರದ ಅನುಮತಿ ಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ನಮ್ಮ ರಾಜ್ಯದ ಒಂದು ಕೇಸಲ್ಲಿ ಹೇಳಿದೆ. ಇದನ್ನು ಫೀಸು ತಗೊಳ್ಳುವ ಮೊದಲೇ ಸೀನಿಯರ್ ಬಿಡಿಸಿ ಹೇಳಿದ್ರು, ಅವರ ಮೇಲೆ ನಂಬಿಕೆ ಬಂದದ್ದೂ ಆಗಲೇ. ಆದ್ರೆ ಸೀನಿಯರ್ ವಾದ ಕೇಳಿ: ಅರೆಸ್ಟ್ ಇಲ್ಲ, ನೋಟಿಸ್ ಇಲ್ಲ, ಕರ್ಕೊಂಡು ಬಂದೇ ಇಲ್ಲ ಅಂತ ಪೊಲೀಸರೇ ಹೇಳ್ತಾರೆ ಅಂತಾದ್ರೆ ಡ್ಯೂಟಿ ಎಲ್ಲಿಂದ ಬಂತು? ನಮ್ಮ ಕೈಯಲ್ಲಿ ಚೀಟಿ ಇಲ್ಲದ್ದೇ ನಮಗೆ ಉಪಕಾರ ಆಗ್ಬಹುದು. ನ್ಯಾಯಾಧೀಶರು ಒಪ್ತಾರಾ ಗೊತ್ತಿಲ್ಲ, ನನಗೆ ಭಾರೀ ಇಷ್ಟ ಆಯ್ತು.

ಹೈಕೋರ್ಟಿಗೆ ಹೋಗುದು ಬೇಡ ಅಂತಲ್ಲ. ಮನುಷ್ಯ ಇನ್ನೂ ಒಳಗೇ ಇದ್ದು, ಸ್ಟೇಷನ್‌ನವರು ಇಲ್ಲ ಅಂತಿದ್ರೆ ಹೇಬಿಯಸ್ ಕಾರ್ಪಸ್‌ಗೆ (ಹಿಡಿದಿಟ್ಟವನನ್ನು ಕೋರ್ಟ್ ಮುಂದೆ ತನ್ನಿ ಅಂತ ಕೇಳುವ ಅರ್ಜಿ) ಅಲ್ಲಿಗೇ ಓಡ್ಬೇಕು. ಪರಿಹಾರವೂ ಸಂವಿಧಾನದ 226ನೇ ವಿಧಿಯಲ್ಲಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯಲ್ಲಿ ಸಿಗ್ತದೆ, ನೀಲಾಬತಿ ಬೆಹೆರಾ ಕೇಸಲ್ಲಿ 1993ರಲ್ಲಿ ಕಸ್ಟಡಿಯಲ್ಲಿ ಸತ್ತ ಹುಡುಗನ ತಾಯಿಗೆ ಸುಪ್ರೀಂ ಕೋರ್ಟ್ ಕೊಡಿಸಿದ್ದು ಒಂದೂವರೆ ಲಕ್ಷ, ಕ್ರಿಮಿನಲ್ ಕೇಸ್ ಮುಗಿಯುವವರೆಗೆ ಕಾಯ್ಬೇಕು ಅಂತಿಲ್ಲ. ಆದ್ರೆ ಗಾಯದ ಕಾಗದ ಇಲ್ಲದೆ ಹೋದ್ರೆ ಅಲ್ಲಿ ಎಂತ ತೋರಿಸುದು? ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗೆ ಹೈಕೋರ್ಟ್ ಅಂದ್ರೆ ಬೆಂಗಳೂರೇ, ಶಿರಾಡಿ ಹತ್ತಿ ಇಳೀಬೇಕು, ಮಂಗಳೂರಿಗೆ ಪೀಠ ಕೊಡಿ ಅಂತ ಇಲ್ಲಿಯ ವಕೀಲರು ಕೇಳ್ತಾನೇ ಇದ್ದಾರೆ.

ರಾಜ್ಯ ಮಾನವ ಹಕ್ಕು ಆಯೋಗಕ್ಕೂ ಅರ್ಜಿ ಹಾಕಿಸಿದ್ರು. ಫೀಸಿಲ್ಲ, ಕನ್ನಡದಲ್ಲೇ ಬರೀಬಹುದು, ಆದ್ರೆ ಘಟನೆ ಆಗಿ ಒಂದು ವರ್ಷದೊಳಗೆ ಕೊಡ್ಬೇಕು, ಮತ್ತೆ ಆಯೋಗ ಮಾಡುದು ಶಿಫಾರಸು, ತೀರ್ಪಲ್ಲ. ಪೊಲೀಸ್ ದೂರು ಪ್ರಾಧಿಕಾರ ಅಂತ ಇನ್ನೊಂದು ಉಂಟು, 2006ರ ಪ್ರಕಾಶ್ ಸಿಂಗ್ ತೀರ್ಪಿನಿಂದ ಬಂದದ್ದು, ಡಿವೈಎಸ್‌ಪಿ ವರೆಗಿನವರ ಮೇಲೆ ಜಿಲ್ಲಾ ಮಟ್ಟದಲ್ಲಿ, ಅದಕ್ಕಿಂತ ಮೇಲಿನವರದ್ದು ರಾಜ್ಯ ಮಟ್ಟದಲ್ಲಿ. ಅಲ್ಲಿಗೂ ಒಂದು ಕಾಪಿ ಹೋಗಿದೆ, ಅದನ್ನೇ ನಂಬಿ ಕೂರ್ಬೇಡಿ ಅಂದ್ರು. ಪೆಟ್ಟು ತಿಂದವರು ದಲಿತರು, ಕೊರಗರು ಆದ್ರೆ ದೌರ್ಜನ್ಯ ತಡೆ ಕಾಯ್ದೆಯೂ ಸೇರ್ತದೆ, ದಾರಿಯೇ ಬೇರೆ ಆಗ್ತದೆ. 2021ರ ಡಿಸೆಂಬರ್‌ನಲ್ಲಿ ಕೋಟತಟ್ಟು ಕೊರಗ ಕಾಲೊನಿಯ ಮೆಹಂದಿಯಲ್ಲಿ ಲಾಠಿ ಬೀಸಿದಾಗ ಪಿಎಸ್‌ಐ ಸಸ್ಪೆಂಡ್ ಆಗಿ ತನಿಖೆ ಸಿಐಡಿಗೆ ಹೋದದ್ದು ನೆನಪಿರ್ಬಹುದು. ಅದು ಕಸ್ಟಡಿಯಲ್ಲಿ ಆದದ್ದಲ್ಲ, ಆದ್ರೂ ಪೊಲೀಸರ ಮೇಲಿನ ತನಿಖೆ ಅದೇ ಸ್ಟೇಷನ್ ಕೈಯಲ್ಲಿ ಇರ್ಬೇಕಾಗಿಲ್ಲ ಅಂತ ಗೊತ್ತಾಗ್ಲಿಕ್ಕೆ ಹೇಳಿದೆ.

ಅರೆಸ್ಟ್ ತೋರಿಸಿದ ಕೇಸಾದ್ರೆ ಮುಖ್ಯ ಗಳಿಗೆ ಬೇರೆಯೇ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡ್ಬೇಕು, ಅಲ್ಲಿ "ಪೊಲೀಸರಿಂದ ಏನಾದ್ರೂ ತೊಂದರೆ ಆಗಿದೆಯಾ" ಅಂತ ಕೇಳ್ತಾರೆ. ಹೊರಗೆ ಜೀಪಿನಲ್ಲಿ ಹೆದರಿಸಿ ಕರ್ಕೊಂಡು ಬಂದಿರ್ತಾರೆ, ಹಿಂದೆಯೇ ಅದೇ ಪೊಲೀಸ್ ನಿಂತಿರ್ತಾನೆ, ಇವನು ತಲೆ ಅಲ್ಲಾಡಿಸಿ ಇಲ್ಲ ಅಂತಾನೆ, ಆರ್ಡರ್ ಶೀಟಲ್ಲಿ ತೊಂದರೆ ಇಲ್ಲ ಅಂತ ಒಂದು ಸಾಲು ಬೀಳ್ತದೆ. ಮತ್ತೆ ವರ್ಷಗಟ್ಟಲೆ ಆ ಒಂದು ಸಾಲಿನ ಜೊತೆ ಗುದ್ದಾಡ್ಬೇಕು. ಹೌದು ಅಂತ ಹೇಳಿ, ಗಾಯ ತೋರಿಸಿ, ಮೆಡಿಕಲ್ ಮಾಡಿಸಿ ಅಂತ ಬಾಯಿಬಿಟ್ಟು ಕೇಳ್ಬೇಕು. ಆಫೀಸಿನ ಗೋಡೆಯಲ್ಲಿ ಡಿ.ಕೆ. ಬಸು ಕೇಸಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 11 ಸೂಚನೆ ಕನ್ನಡದಲ್ಲಿ ಅಂಟಿಸಿದ್ದಾರೆ: ಸಾಕ್ಷಿ ಸಹಿ ಇರುವ ಅರೆಸ್ಟ್ ಮೆಮೊ, ಮನೆಯವರಿಗೆ ತಿಳಿಸುದು, ಕಸ್ಟಡಿಯಲ್ಲಿ 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ, ವಿಚಾರಣೆ ವೇಳೆ ವಕೀಲರನ್ನು ಕಾಣುದು, ಹೀಗೆ. ಕಾಯುವಾಗ ಅದನ್ನೇ ಓದುದು, ಬೇರೆ ಕೆಲಸ ಇಲ್ಲ.

ಕಾಯುದು ಅಂದೆನಲ್ಲ, ಒಂದು ಸ್ಟಾರ್ ಹೋದದ್ದು ಅಲ್ಲೇ. ಐದು ಗಂಟೆಗೆ ಬನ್ನಿ ಅಂದ್ರೆ ಏಳೂವರೆ. ಸೀನಿಯರ್ ಫೋನ್ ಎತ್ತುದೇ ಇಲ್ಲ, ಜೂನಿಯರ್‌ಗೇ ಮೆಸೇಜ್ ಹಾಕ್ಬೇಕು. ಅರ್ಜಿಯೆಲ್ಲ ಇಂಗ್ಲಿಷಲ್ಲಿ ಟೈಪ್ ಮಾಡಿ ಸಹಿ ಹಾಕಿ ಅಂತಾರೆ, ಓದಿ ಹೇಳಿ ಅಂತ ನಾವೇ ಕೇಳ್ಬೇಕು, ಕೇಳಿದ್ರೆ ಮಾತ್ರ ಬೇಜಾರಿಲ್ಲದೆ ಹೇಳ್ತಾರೆ. ಮೊದಲ ಸಲಹೆಗೆ ಸಾವಿರ ರೂಪಾಯಿ, ರಶೀದಿ ಕೊಟ್ಟರು. ಮತ್ತೆ ಹಂತ ಹಂತಕ್ಕೆ ಎಷ್ಟು ಅಂತ ಮೊದಲೇ ಬರೆದು ಕೊಟ್ಟಿದ್ದಾರೆ, ನಡುವಲ್ಲಿ ಏರಿಸ್ಲಿಲ್ಲ.

ದುಡ್ಡಿಲ್ಲದವರು ಇಲ್ಲಿಗೇ ಬರ್ಬೇಕು ಅಂತಿಲ್ಲ. ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಂಟು, ಉಡುಪಿಯಲ್ಲೂ ಉಂಟು, ಕಸ್ಟಡಿಯಲ್ಲಿ ಇರುವವರಿಗೆ, ಹೆಂಗಸರಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡ್ತಾರೆ, ಫೋನ್ 15100. ಯಾರೇ ವಕೀಲರು ಸಿಗ್ಲಿ, ಎಂಎಲ್‌ಸಿ ಮತ್ತೆ ಸಿಸಿಟಿವಿ ಪತ್ರ ಇವತ್ತೇ ಆಗ್ಬೇಕು ಅಂತ ನೀವೇ ಹಠ ಹಿಡೀರಿ. ನಮ್ಮದು ಈಗ ಮೇಲಧಿಕಾರಿ ವರದಿಗೆ ಅಂತ ಮುಂದಕ್ಕೆ ಹೋಗಿದೆ, ಫೂಟೇಜ್ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಬಂದ್ರೆ ಇಲ್ಲೇ ಹಾಕ್ತೇನೆ.