ಬಾನೆಟ್ ಒಳಗಿನ ಸದ್ದಿಗೆ ಎಂಜಿನ್ ಬಿಚ್ಚಿಸುವ ಮುಂಚೆ ಇದನ್ನು ಓದಿ

ಬಾಗಲಕೋಟೆ, ನವನಗರ, ವಿದ್ಯಾಗಿರಿ ಕಡೆಯವರು, ಸುತ್ತಲಿನ ಊರುಗಳಿಂದ ಇಲ್ಲಿಗೆ ಗಾಡಿ ರಿಪೇರಿಗೆ ತರುವವರು ದಯವಿಟ್ಟು ಪೂರ್ತಿ ಓದಿ. ಬಾನೆಟ್ ಒಳಗೆ ಏನೋ ಸದ್ದು ಬರುತ್ತಿದೆ ಅಂತ ಗ್ಯಾರೇಜಿಗೆ ಹೋಗುತ್ತೀರಿ ಅಲ್ವಾ? ಆ ಸದ್ದು ಎಲ್ಲಿಂದ ಬರುತ್ತಿದೆ ಅಂತ ನಿಮ್ಮ ಕಣ್ಣಮುಂದೆ ತೋರಿಸುವ ತನಕ ಎಂಜಿನ್ನಿನ ಒಂದು ಬೋಲ್ಟ್ ಕೂಡ ಬಿಚ್ಚಲು ಬಿಡಬೇಡಿ. ನನ್ನ ಹತ್ತಿರ 36,500 ರೂಪಾಯಿ ತೆಗೆದುಕೊಂಡರು. ಸದ್ದು ಇದ್ದ ಹಾಗೇ ಇತ್ತು. ಕೊನೆಗೆ ಅದು ಹೋಗಿದ್ದು 2,150 ರೂಪಾಯಿಗೆ, ಬೇರೆ ಊರಲ್ಲಿ, ಬೇರೆಯವರ ಕೈಯಲ್ಲಿ. ಬರೆಯುವಾಗಲೂ ಮೈ ಉರಿಯುತ್ತಿದೆ.

ಗ್ಯಾರೇಜಿನ ಹೆಸರು ಬರೆಯುತ್ತಿಲ್ಲ. ದೂರು ಕೊಡಲು ಕಾಗದ ಜೋಡಿಸುತ್ತಿದ್ದೇನೆ, ಅದಕ್ಕೆ ಅಡ್ಡಿ ಆಗಬಾರದು.

ನನ್ನದು 2016ರ ಸಣ್ಣ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಿರ್ರ್ ಅಂತ ಶುರು. ಎಣ್ಣೆ ಕಾಣದ ಹೊಲಿಗೆ ಮಷಿನ್ ಥರ, ನಿಲ್ಲದೆ ಒಂದೇ ಸಮ. ರೇಸ್ ಕೊಟ್ಟರೆ ಸದ್ದೂ ಏರುತ್ತಿತ್ತು. ಎಸಿ ಹಾಕಿದರೆ ಇನ್ನೂ ಜಾಸ್ತಿ. ಗಾಡಿ ನಿಂತಿದ್ದಾಗಲೂ ಬರುತ್ತಿತ್ತು, ಹಾಗಾಗಿ ಚಕ್ರದ್ದಲ್ಲ ಅಂತ ನನಗೇ ಗೊತ್ತಾಗಿತ್ತು. ಕ್ಲಚ್ ಒತ್ತಿದರೂ ವ್ಯತ್ಯಾಸ ಇಲ್ಲ. ಇಷ್ಟನ್ನೂ ಮೊಬೈಲಲ್ಲಿ ವಿಡಿಯೋ ಮಾಡಿಕೊಂಡು ಹೋಗಿದ್ದೆ. ಎಸಿ ಹಾಕಿ ಒಂದು, ಎಸಿ ಆರಿಸಿ ಒಂದು. ಗ್ಯಾರೇಜಿನ ಮಾಲಕನಿಗೆ ಎಲ್ಲ ಬಿಡಿಸಿ ಹೇಳಿದೆ. ಅವನು ವಿಡಿಯೋ ಪೂರ್ತಿ ನೋಡಲೂ ಇಲ್ಲ. ಬಾನೆಟ್ ಎತ್ತಿದ, ಹುಡುಗನಿಗೆ ರೇಸ್ ಕೊಡು ಅಂದ, ತಲೆ ಅಲ್ಲಾಡಿಸಿದ.

"ಸರ, ಇದು ಟೈಮಿಂಗ್ ಚೈನ್ ಸೌಂಡ್ ರೀ. ಹಿಂಗ ಓಡ್ಸಿದ್ರ ಚೈನ್ ಕಟ್ ಆಗಿ ಎಂಜಿನ್ ಹೋಗತೈತಿ ನೋಡ್ರಿ." ಟೈಮಿಂಗ್ ಚೈನ್ ಅಂದರೆ ಎಂಜಿನ್ ಒಳಗೆ ಪಿಸ್ಟನ್, ವಾಲ್ವ್ ಎರಡೂ ತಾಳ ತಪ್ಪದ ಹಾಗೆ ನೋಡಿಕೊಳ್ಳುವ ಸರಪಳಿ.

ಮುಂದಿನ ವಾರ ವಿಜಯಪುರದಲ್ಲಿ ಅಕ್ಕನ ಮಗಳ ಮದುವೆ. ಅವ್ವ, ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕು ಅಂತ ನಾನೇ ಹೇಳಿದ್ದೆ. ಅದನ್ನೇ ಹಿಡಿದುಕೊಂಡ. "ಮನಿ ಮಂದಿನ್ನ ಕರ್ಕೊಂಡ್ ಹೊಂಟೀರಿ. ರಾತ್ರಿ ಕೊಲ್ಹಾರ ಸೇತುವೆ ಮ್ಯಾಲ ಗಾಡಿ ನಿಂತ್ರ ಯಾರ್ ಬರ್ತಾರ್ರಿ ಸರ?" ಅಂದ. ಕೃಷ್ಣಾ ನದಿಯ ಆ ಸೇತುವೆ ಎಷ್ಟು ಉದ್ದ ಅಂತ ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಅವ್ವನ ಮುಖ ಕಣ್ಣಮುಂದೆ ಬಂತು. ಹೂಂ ಅಂದೆ.

ಚೈನ್ ಕಟ್ ಆದರೆ ಎಂಜಿನ್ ಹಾಳಾಗುತ್ತದೆ ಅನ್ನುವುದು ಸುಳ್ಳಲ್ಲ. ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ದೊಡ್ಡ ಖರ್ಚು. ನಿಜವಾದ ಆ ಭಯವನ್ನೇ ಇವರು ಬಂಡವಾಳ ಮಾಡಿಕೊಳ್ಳುತ್ತಾರೆ. ಆದರೆ ಸಡಿಲಾದ ಚೈನಿನ ಸದ್ದು ಬೇರೆ ಥರ ಇರುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಗಡಗಡ ಅಂತ ಬಡಿಯುತ್ತದೆ. ಶುರುವಿನಲ್ಲಿ ಆಯಿಲ್ ಪ್ರೆಶರ್ ಬಂದ ಕೂಡಲೇ ಕಡಿಮೆಯೂ ಆಗುತ್ತದೆ. ನನ್ನದು ಒಂದೇ ಸಮನೆ ಕಿರ್ರ್ ಅನ್ನುವ ಸದ್ದು, ಅದರಲ್ಲೂ ಎಸಿ ಹಾಕಿದರೆ ಜಾಸ್ತಿ ಆಗುವಂಥದ್ದು. ದಿನಾ ಎಂಜಿನ್ ಬಿಚ್ಚುವವನಿಗೆ ಇವೆರಡರ ವ್ಯತ್ಯಾಸ ಗೊತ್ತಿರಲ್ವಾ? ಗೊತ್ತಿತ್ತು. ಗೊತ್ತಿದ್ದೇ ಮಾಡಿದ.

ಮೊದಲು 14,000 ಅಂದ. ಗಾಡಿ ಬಿಟ್ಟು ಬಂದ ಮೇಲೆ ಫೋನುಗಳು ಶುರುವಾದವು. ಚೈನ್ ಜೊತೆ ಅದನ್ನು ದಾರಿಯಲ್ಲಿ ಇಡುವ ಗೈಡ್, ಬಿಗಿಯಾಗಿಡುವ ಟೆನ್ಷನರ್ ಹಾಕಲೇಬೇಕು. ಆಮೇಲೆ ಎಂಜಿನ್ ಮೌಂಟಿಂಗ್. ಆಮೇಲೆ ಆಯಿಲ್, ಕೂಲೆಂಟ್. "ಬಿಚ್ಚಿದ ಮ್ಯಾಲನ ಗೊತ್ತಾತ್ರಿ ಸರ, ಈಗ ಹಂಗ ಹಾಕಿದ್ರ ನಾಳೆ ನೀವ ನಮಗ ಬೈತೀರಿ." ಗಾಡಿ ಬಿಚ್ಚಿ ಅವರ ಅಂಗಳದಲ್ಲಿ ಇದೆ ಅಂದಮೇಲೆ ಬೇಡ ಅನ್ನುವುದು ಹೇಗೆ? ಅಲ್ಲಿಗೆ ಲೆಕ್ಕ 36,500ಕ್ಕೆ ನಿಂತಿತು.

ಗಾಡಿ ತರಲು ಹೋದಾಗ ಎಂಜಿನ್ ಮೊದಲೇ ಬಿಸಿ ಮಾಡಿ ಇಟ್ಟಿದ್ದರು. ಎಸಿ ಬಂದ್. ಒಳಗೆ ಹಾಡು ಜೋರಾಗಿ ಹಾಕಿದ್ದರು. ನಾನು ದುಡ್ಡು ಕೊಟ್ಟು ಹೊರಟೆ. ಸೆಖೆ ಅಂತ ಹಾಡು ಆರಿಸಿ ಎಸಿ ಹಾಕಿದೆ. ಕಿರ್ರ್! ಅದೇ ಸದ್ದು. ನವನಗರ ದಾಟುವ ಮುಂಚೆಯೇ ಗಾಡಿ ತಿರುಗಿಸಿ ವಾಪಸ್ ಹೋದೆ.

ಅಲ್ಲಿ ಸಿಕ್ಕ ಉತ್ತರಗಳನ್ನು ಒಂದೊಂದೇ ಬರೆಯುತ್ತೇನೆ. ನಿಮಗೂ ಇವೇ ಮಾತುಗಳು ಸಿಗಬಹುದು.

ಮೊದಲನೆಯದು, "ಹೊಸಾ ಚೈನ್ ಐತಿ ಸರ, ಐನೂರು ಕಿಲೋಮೀಟರ್ ಓಡ್ಲಿ, ಕುಂತಕೊಳ್ತೈತಿ." ಹೊಸ ಚೈನ್ ಹಾಕಿದ ಎಂಜಿನ್ ಹೀಗೆ ಕಿರುಚಲ್ಲ. ಕಿರುಚಿದರೆ ಕೆಲಸ ಸರಿ ಆಗಿಲ್ಲ ಅಂತ ಅರ್ಥ.

ನಾನು ಜಗ್ಗಲಿಲ್ಲ. ಆಗ, "ಮೊದಲಿನ ಸೌಂಡ್ ಹೋಗೈತ್ರಿ. ಇದು ಬ್ಯಾರೆ ಸೌಂಡ್." ನಾನು ಮೊಬೈಲ್ ತೆಗೆದು ಹಳೆ ವಿಡಿಯೋ ಹಾಕಿದೆ, ಪಕ್ಕದಲ್ಲೇ ಎಂಜಿನ್ ಓಡುತ್ತಿತ್ತು. ಎರಡೂ ಒಂದೇ. ಎಳೆ ಮಗುವಿಗೂ ಗೊತ್ತಾಗುತ್ತಿತ್ತು. ಅದಕ್ಕೆ ಅವನು ಹೇಳಿದ್ದು ಕೇಳಿ: "ಮೊಬೈಲ್‌ನ್ಯಾಗ ಎಲ್ಲಾ ಸೌಂಡೂ ಒಂದ ಥರಾ ಕೇಳಸ್ತಾವ್ರಿ." ಅಲ್ಲಿದ್ದ ಹುಡುಗರು ನಕ್ಕರು. "ಸರ್ ಕಿವಿ ಭಾಳ ಚುರುಕು ಐತ್ರಿ" ಅಂತ ಇನ್ನೊಬ್ಬ. ಬೇರೆ ಗಿರಾಕಿಗಳು ನನ್ನನ್ನೇ ನೋಡುತ್ತಿದ್ದರು. ಜಗಳ ಮಾಡಲು ಬಂದವನ ಹಾಗೆ ನಾನು ನಿಂತಿದ್ದೆ. ದುಡ್ಡು ಕೊಟ್ಟವನು ನಾನು, ತಲೆ ತಗ್ಗಿಸಿ ಹೊರಗೆ ಬಂದವನೂ ನಾನು. ಆ ನಗು ಇನ್ನೂ ಕಿವಿಯಲ್ಲಿದೆ.

ಬಿಲ್ ಕೇಳಿದ್ದಕ್ಕೆ ಒಂದು ಚೀಟಿ ಹರಿದು ಕೊಟ್ಟ. "ಎಂಜಿನ್ ಕೆಲಸ" ಅಂತ ಬರೆದು ಒಟ್ಟು ಮೊತ್ತ. ಪಾರ್ಟ್ ಹೆಸರಿಲ್ಲ, ನಂಬರ್ ಇಲ್ಲ, ಸಹಿ ಇಲ್ಲ. ಹಳೆ ಚೈನ್ ಕೊಡಿ ಅಂದೆ. "ಗುಜರಿಗೆ ಹೋತ್ರಿ ಅದು."

ಆ ಸದ್ದಿನಲ್ಲೇ ವಿಜಯಪುರಕ್ಕೆ ಹೋದೆವು. ಕೊಲ್ಹಾರ ಸೇತುವೆ ಮೇಲೆ ಯಾರೂ ಮಾತಾಡಲಿಲ್ಲ. ಮದುವೆ ಮನೆ ಮುಂದೆ ಗಾಡಿ ನಿಲ್ಲಿಸುವಾಗ ಮಾಮಾ, ಅಂದರೆ ಅಕ್ಕನ ಗಂಡ, "ಏನೋ ಇದು, ಈಗ ರಿಪೇರಿ ಮಾಡ್ಸಿನಿ ಅಂದಿದ್ಯಲ್ಲೋ?" ಅಂದರು. ಬೀಗರ ಎದುರಿಗೆ. ನಾನು ಏನು ಹೇಳಲಿ?

ಮರುದಿನ ಅವರೇ ತಮಗೆ ಪರಿಚಯದ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಕರೆದುಕೊಂಡು ಹೋದರು. ಆ ಕಾಕಾ ಮಾಡಿದ್ದನ್ನು ಗಮನ ಇಟ್ಟು ಓದಿ, ನಿಮ್ಮ ಮೆಕ್ಯಾನಿಕ್ ಮಾಡಬೇಕಾದ್ದು ಇದನ್ನೇ. ಮೊದಲು ಹೆಗಲ ಮೇಲಿನ ಟವೆಲ್ ತೆಗೆದಿಟ್ಟರು, ಎಂಜಿನ್ ಹೊರಗೆ ಡೈನಮೋ, ಎಸಿ ಕಂಪ್ರೆಸರ್ ತಿರುಗಿಸುವ ಬೆಲ್ಟಿಗೆ ಸಿಕ್ಕಬಾರದು ಅಂತ. ಬಾಟಲಿಯಿಂದ ಬೆಲ್ಟಿನ ಮೇಲೆ ಸ್ವಲ್ಪ ನೀರು ಚಿಮುಕಿಸಿದರು. ನೀರು ಬಿದ್ದಾಗ ಸದ್ದು ಬದಲಾದರೆ ಬೆಲ್ಟ್ ಮೇಲೆ ಅನುಮಾನ ಪಡಬೇಕು. ಬದಲಾಗಲಿಲ್ಲ. ಆಮೇಲೆ ಉದ್ದದ ಸ್ಕ್ರೂ ಡ್ರೈವರ್ ತೆಗೆದುಕೊಂಡು ಅದರ ತುದಿಯನ್ನು ಡೈನಮೋ ಮೇಲೆ, ವಾಟರ್ ಪಂಪ್ ಹತ್ತಿರ, ಎಸಿ ಕಂಪ್ರೆಸರ್ ಮೇಲೆ, ತಿರುಗದ ಜಾಗ ನೋಡಿ ಇಟ್ಟರು. ಹಿಡಿಕೆಗೆ ಕಿವಿ ಕೊಟ್ಟು ಕೇಳುತ್ತಾ ಹೋದರು. ಒಂದು ಕಡೆ ನಿಂತರು. ನನ್ನ ಕೈಗೆ ಸ್ಕ್ರೂ ಡ್ರೈವರ್ ಕೊಟ್ಟು "ನೀನೂ ಕೇಳು ತಮ್ಮಾ" ಅಂದರು. ಆ ಜಾಗದಲ್ಲಿ ಕಿವಿ ಗುಂಯ್ ಅನ್ನುವಷ್ಟು ಜೋರಾಗಿತ್ತು.

ಎಂಜಿನ್ ಬಂದ್ ಮಾಡಿಸಿ ಬೆಲ್ಟ್ ಕಳಚಿದರು. "ಈಗ ಚಾಲೂ ಮಾಡು" ಅಂದರು.

ಮಾಡಿದೆ. ಸದ್ದೇ ಇಲ್ಲ. ಪೂರ್ತಿ ನಿಂತಿತ್ತು. ಮಾಮಾ ನನ್ನ ಮುಖ ನೋಡಿದರು, ನನಗೆ ಅವರ ಮುಖ ನೋಡಲು ಆಗಲಿಲ್ಲ. ಚೈನ್ ಎಂಜಿನ್ ಒಳಗೆ ತಿರುಗುತ್ತಲೇ ಇತ್ತು, ಸದ್ದು ಅದರದ್ದೇ ಆಗಿದ್ದರೆ ಬೆಲ್ಟ್ ತೆಗೆದರೂ ಬರಬೇಕಿತ್ತಲ್ಲ! ಕೆಲವೇ ಸೆಕೆಂಡಿನಲ್ಲಿ ಬಂದ್ ಮಾಡಿಸಿದರು, ಯಾಕೆಂದರೆ ನನ್ನ ಗಾಡಿಯಲ್ಲಿ ವಾಟರ್ ಪಂಪ್ ಕೂಡ ಇದೇ ಬೆಲ್ಟಿನಿಂದ ತಿರುಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಆಮೇಲೆ ಬೆಲ್ಟ್ ಓಡುವ ಒಂದು ಸಣ್ಣ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದರು. ಖರ್ ಖರ್. ಒಳಗಿನ ಬೇರಿಂಗಿನ ಗ್ರೀಸ್ ಒಣಗಿ ಹೋಗಿತ್ತು. ಅಷ್ಟೇ. ಪುಲ್ಲಿ, ಹೊಸ ಬೆಲ್ಟ್ ಸೇರಿ 1,850. ಮಜೂರಿ 300.

ನನಗೆ ನಿಜವಾಗಿ ಹೊಟ್ಟೆಗೆ ಬೆಂಕಿ ಬಿದ್ದಿದ್ದು ಕಾಕಾ ಆಮೇಲೆ ಹೇಳಿದ ಮಾತಿನಿಂದ. ಈ ಗಾಡಿಯಲ್ಲಿ ಚೈನ್ ಕವರ್ ತೆಗೆಯಬೇಕಾದರೆ ಮೊದಲು ಆ ಬೆಲ್ಟ್ ತೆಗೆಯಲೇಬೇಕು. ಬೇರೆ ದಾರಿಯೇ ಇಲ್ಲ. ಅಂದರೆ ಬಾಗಲಕೋಟೆಯವರು ನಿಜವಾಗಿ ಚೈನ್ ಬದಲಾಯಿಸಿದ್ದರೆ, ಬೆಲ್ಟ್ ತೆಗೆದಿದ್ದರು, ಈ ಪುಲ್ಲಿ ಅವರ ಕಣ್ಣಮುಂದೇ ಇತ್ತು. ಒಂದು ಬೆರಳಿನಿಂದ ತಿರುಗಿಸಿದ್ದರೆ ಸಾಕಿತ್ತು. ನೋಡಿಯೂ ಹೇಳಲಿಲ್ಲ. ಇಲ್ಲವೇ ಅವರು ಚೈನ್ ಮುಟ್ಟಲೇ ಇಲ್ಲ. ಕವರ್ ಅಂಚಿನಲ್ಲಿ ಸಂದು ಮುಚ್ಚಲು ಹಚ್ಚುವ ಹೊಸ ಸೀಲೆಂಟ್ ಕಾಣುತ್ತಿಲ್ಲ, ಬೋಲ್ಟಿನ ಮೇಲೆ ಹಳೆ ಜಿಡ್ಡು ಹಾಗೇ ಇದೆ ಅಂದರು ಕಾಕಾ. ಎಲ್ಲದರ ಫೋಟೋ ತೆಗೆದುಕೊಂಡಿದ್ದೇನೆ. ಎರಡರಲ್ಲಿ ಯಾವುದೇ ಆಗಲಿ, ಅದು ಮೋಸ. ಮೋಸವೇ.

ಅಲ್ಲಿಂದಲೇ ಫೋನ್ ಮಾಡಿದೆ. "ಆ ಬೇರಿಂಗ್ ಈಗ ದಾರ್ಯಾಗ ಹೋಗಿರಬೇಕ್ರಿ ಸರ." ವಿಡಿಯೋ ನೆನಪಿಸಿದೆ. ಆಗ ದನಿಯೇ ಬದಲಾಯಿತು. "ನೀವು ಹೊರಗ ಗಾಡಿ ಬಿಚ್ಚಿಸೀರಿ. ಇನ್ನ ನಮ್ದೇನು ಜವಾಬ್ದಾರಿ ಇಲ್ಲ." ಕಟ್. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಹಾಗಾಗಿ ಹೇಳುತ್ತಿದ್ದೇನೆ. ಕಿರ್ರ್ ಸದ್ದು ಬಂದರೆ ಬೆಲ್ಟ್ ಕಳಚಿ ಸ್ಟಾರ್ಟ್ ಮಾಡಿ ತೋರಿಸಿ ಅನ್ನಿ, ನೀವೇ ಕೈ ಹಾಕಲು ಹೋಗಬೇಡಿ. ತೋರಿಸಲ್ಲ ಅಂದರೆ ಕೀ ತೆಗೆದುಕೊಂಡು ಹೊರಡಿ. ಬಿಚ್ಚುವ ಮುಂಚೆ ಖರ್ಚು ಬರೆಸಿಕೊಳ್ಳಿ. ಹಳೆ ಪಾರ್ಟ್ ಕೈಗೆ ಬರುವ ತನಕ ದುಡ್ಡು ಕೊಡಬೇಡಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಎಸಿ ಹಾಕಿ ಕೇಳಿದ ಮೇಲೆಯೇ ಗಾಡಿ ತನ್ನಿ.

ಸರಿಯಾದ ಬಿಲ್ ಕೊಡದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲೇ ತಪ್ಪು ಅಂತ ಇದೆ. ಫೋನಲ್ಲಿ ವಿಚಾರಿಸಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಇರುತ್ತದೆ, ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ನಾನು ವಿಡಿಯೋ, ಆ ಚೀಟಿ, ದುಡ್ಡು ಕಳಿಸಿದ ದಾಖಲೆ, ವಿಜಯಪುರದ ಬಿಲ್, ಸವೆದ ಬೇರಿಂಗ್ ಎಲ್ಲ ಎತ್ತಿಟ್ಟಿದ್ದೇನೆ. ನಿಮಗೂ ಇಲ್ಲಿ ಹೀಗೇ "ಎಂಜಿನ್ ಕೆಲಸ" ಅಂತ ಬರೆದ ಚೀಟಿ ಕೊಟ್ಟು ಕಳಿಸಿದ್ದರೆ ಅದನ್ನು ಹರಿಯಬೇಡಿ, ನೀವೂ ದೂರು ಕೊಡಿ.