50 ವ್ಯಾಟಿನ ಅಂಬರ್ ಫ್ಲಡ್‌ಲೈಟ್: ಬೆಳಕಿಗೆ ನಾಲ್ಕು ಸ್ಟಾರ್, ಫಿಟ್ಟಿಂಗಿಗೆ ಎರಡು

ಕಲಬುರಗಿಯಲ್ಲಿ ಕೂತು ಕಡಲಾಮೆ ಲೈಟಿನ ರಿವ್ಯೂ ಬರೀತಾಳೆ ಅಂತ ನಗುವವರು ನಗಲಿ. ಸಮುದ್ರ ನಮಗೆ ರಾತ್ರಿ ಬಸ್ಸಿನಷ್ಟು ದೂರ ನಿಜ, ಆದರೆ ಅಲ್ಲಿನ ಕಾಂಕ್ರೀಟ್ ಕೆಲಸಕ್ಕೆ ಸುರಪುರ, ಶಹಾಪುರದ ಹುಡುಗರೇ ಹೋಗುತ್ತಾರೆ. ನನ್ನದು ಎಲೆಕ್ಟ್ರಿಕಲ್ ಗುತ್ತಿಗೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಯಾರ್ಡ್ ಲೈಟು, ತೊಗರಿ ಬೇಳೆ ಮಿಲ್ಲುಗಳ ಶೆಡ್ ಲೈಟು, ಇವೇ ನನ್ನ ಅನ್ನ. ಹೋದ ದೀಪಾವಳಿ ಹೊತ್ತಿಗೆ ಪರಿಚಯದ ಯಾದಗಿರಿ ಗುತ್ತೇದಾರರು ಉತ್ತರ ಕನ್ನಡದಲ್ಲಿ ಒಂದು ಜೆಟ್ಟಿಯ ಸಬ್ ಕಾಂಟ್ರ್ಯಾಕ್ಟ್ ಹಿಡಿದರು. ಫೋನ್ ಬಂತು: "ಅಕ್ಕಾ, ರಾತ್ರಿ ಕೆಲಸಕ್ಕ ಹಳದಿ ಲೈಟೇ ಬೇಕಂತ. ಬಿಳೀದು ಹಚ್ಚಿದ್ರ ಬಿಲ್ ತಡೀತೀವಿ ಅಂತಾರ. ನೀವೇ ನೋಡಿ ಕಳಿಸ್ರಿ." ಹಿಂದೆಯೇ ವಾಟ್ಸಾಪಿನಲ್ಲಿ ಒಂದು ಪುಟದ ಫೋಟೊ.

ಆ ಪುಟ ಜೆಟ್ಟಿಯ ಪರಿಸರ ಅನುಮತಿ ಪತ್ರದ ಷರತ್ತುಗಳದ್ದು. ದಂಡೆಯ ಕಡೆಗೆ ಬೆಳಕು ಬೀಳಬಾರದು, ದೀಪಗಳಿಗೆ ಮರೆ ಇರಬೇಕು, ಆಮೆ ಮೊಟ್ಟೆಯಿಡುವ ಕಾಲದಲ್ಲಿ ವಿಶೇಷ ಎಚ್ಚರ ವಹಿಸಬೇಕು ಅನ್ನುವ ಅರ್ಥದ ಸಾಲುಗಳು. ಸರಿ. ಆದರೆ ಯಾವ ಲೈಟು? ಎಷ್ಟು ಎತ್ತರಕ್ಕೆ? 'ಹಳದಿ' ಅಂದರೆ ಎಷ್ಟು ಹಳದಿ? ಅದು ಎಲ್ಲೂ ಇಲ್ಲ. ಕಾನೂನು ದೆಹಲಿಯಿಂದ ಹೊರಟು ಬೆಂಗಳೂರು ದಾಟಿ ಕರಾವಳಿಗೆ ಹೋಗಿ, ಕೊನೆಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಒಂದು ಲೈಟಂಗಡಿಯ ಕೌಂಟರಿನ ಮೇಲೆ ಬಂದು ಬಿತ್ತು. ಅಲ್ಲಿದ್ದವರು ನಾನು ಮತ್ತು ಅಂಗಡಿಯ ಹುಡುಗ.

ಅವನು ತೋರಿಸಿದ ಮೊದಲ ಡಬ್ಬದ ಮೇಲೆ 2200 ಕೆಲ್ವಿನ್ ಅಂತ ದಪ್ಪ ಅಕ್ಷರದಲ್ಲಿತ್ತು. "ಅಕ್ಕಾರ, ಇದಕ್ಕಿಂತ ಹಳದಿ ಯಾವ್ದೂ ಬರಂಗಿಲ್ರಿ" ಅಂದ. ಕಣ್ಣಿಗೆ ಹಳದಿಯೇ. ಆದರೆ ಕೆಲ್ವಿನ್ ಅನ್ನುವುದು ಬೆಳಕು ಎಷ್ಟು ಹಳದಿ, ಎಷ್ಟು ಬಿಳಿ ಕಾಣುತ್ತದೆ ಅನ್ನುವ ನಮ್ಮ ಕಣ್ಣಿನ ಲೆಕ್ಕ, ಆಮೆಯ ಲೆಕ್ಕ ನ್ಯಾನೊಮೀಟರಿನಲ್ಲಿದೆ, ಅಂದರೆ ಬೆಳಕಿನ ತರಂಗದ ಉದ್ದದಲ್ಲಿ. ಕಡಲಾಮೆಯ ಕಣ್ಣಿಗೆ ಚುರುಕಾಗಿ ನಾಟುವುದು ನೇರಳೆ, ನೀಲಿ, ಹಸಿರು. ಮರಿಗಳು ರಾತ್ರಿ ಮರಳಿನಿಂದ ಎದ್ದಾಗ ದಿಗಂತದಲ್ಲಿ ತಗ್ಗಿಗೆ ಯಾವ ಕಡೆ ಹೆಚ್ಚು ಬೆಳಕಿದೆಯೋ ಆ ಕಡೆ ಹರಿಯುತ್ತವೆ. ಊರು, ರಸ್ತೆ, ಸೈಟು ಏನೂ ಇಲ್ಲದ ದಂಡೆಯಲ್ಲಿ ಅದು ಸಮುದ್ರವೇ ಆಗಿರುತ್ತದೆ. ನಾವು ಹಿಂದೊಂದು ಬಿಳಿ ಫ್ಲಡ್‌ಲೈಟ್ ನಿಲ್ಲಿಸಿದರೆ ಅವು ತಿರುಗಿ ರಸ್ತೆಯ ಕಡೆ ಬರುತ್ತವೆ. ಬೆಳಗಾಗುವಷ್ಟರಲ್ಲಿ ನಾಯಿ, ಏಡಿ, ಕಾಗೆ, ಬಿಸಿಲು ಯಾವುದಾದರೂ ಒಂದಕ್ಕೆ ತುತ್ತು. ತಾಯಿ ಆಮೆಯಂತೂ ಬೆಳಕಿದ್ದ ದಂಡೆಗೆ ಹತ್ತಲು ಹಿಂಜರಿಯುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ ವನ್ಯಜೀವಿ ಇಲಾಖೆ ಇದನ್ನು ಮೂರು ಮಾತಿನಲ್ಲಿ ಮುಗಿಸಿದೆ: ದೀಪ ತಗ್ಗಿನಲ್ಲಿರಲಿ, ಮರೆಯಲ್ಲಿರಲಿ, ಬೆಳಕಿನ ತರಂಗ ಉದ್ದವಿರಲಿ. ಉದ್ದ ಅಂದರೆ 560 ನ್ಯಾನೊಮೀಟರ್ ಅಥವಾ ಅದರ ಮೇಲೆ. ಆ ಒಂದು ಅಂಕಿ ಕೈಯಲ್ಲಿದ್ದರೆ ಯಾವ ಊರಿನ ಅಂಗಡಿಯಲ್ಲಿ ಬೇಕಾದರೂ ಜಗಳ ಆಡಬಹುದು.

ನಾನು ಚೀಲದಲ್ಲಿ ಹಳೇ ಸಿಡಿ ಒಯ್ದಿದ್ದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಪುಕ್ಕಟೆ ಪರೀಕ್ಷೆ. ಅಂಗಡಿಯ ಟ್ಯೂಬ್‌ಲೈಟ್ ಆರಿಸಿಸಿ, ಫ್ಲಡ್‌ಲೈಟಿಗೆ ರಟ್ಟು ಅಡ್ಡ ಹಿಡಿದು ಸಣ್ಣ ಸೀಳು ಬಿಡಿ. ಆ ಸೀಳಿನ ಬೆಳಕು ಸಿಡಿಯ ಮಿಂಚುವ ಮೈಮೇಲೆ ಬೀಳುವಂತೆ ಓರೆಯಾಗಿ ಹಿಡಿದು ನೋಡಿ. ಮಾಮೂಲಿ ಬಿಳಿ ಎಲ್‌ಇಡಿಯಾದರೆ ನೀಲಿಯಿಂದ ಕೆಂಪಿನವರೆಗೆ ಪಟ್ಟಿ ಕಾಣುತ್ತದೆ. ಆ 2200 ಕೆಲ್ವಿನ್ ಲೈಟಿನಲ್ಲಿ ಹಸಿರು ಧಾರಾಳವಾಗಿತ್ತು, ನೀಲಿಯ ಒಂದು ಎಳೆಯೂ ಇತ್ತು. ಎರಡನೇ ಡಬ್ಬದ್ದು ಇನ್ನೂ ಮೋಜು: ಬೆಳಕು ಕೊಡುವ ಬಿಳಿ ಎಲ್‌ಇಡಿ ಚಿಪ್ಪಿನ ಮುಂದೆ ಹಳದಿ ಬಣ್ಣದ ಗಾಜು ಕೂರಿಸಿ 'ಅಂಬರ್' ಅಂತ ಸ್ಟಿಕ್ಕರ್. ಮೂರನೆಯದನ್ನು ಗೋದಾಮಿನಿಂದ ತರಿಸಬೇಕಾಯಿತು. ಅದರಲ್ಲಿ ಸಿಡಿ ಮೇಲೆ ಹಳದಿಯಿಂದ ಕಿತ್ತಳೆಗೆ ಒಂದು ಕಿರಿದಾದ ಪಟ್ಟಿ, ಅದರಾಚೆ ಕತ್ತಲು. ಡೇಟಾಶೀಟ್ ಕೇಳಿದ್ದಕ್ಕೆ ಮಾಲೀಕರೇ ಕಂಪನಿಗೆ ಫೋನು ಮಾಡಿ ಪಿಡಿಎಫ್ ತರಿಸಿಕೊಟ್ಟರು: ಗರಿಷ್ಠ 590 ನ್ಯಾನೊಮೀಟರ್ ಸುತ್ತ. ಇದನ್ನೇ ಕೊಂಡೆ, ರಿವ್ಯೂ ಕೂಡ ಇದರದ್ದೇ.

ಇನ್ನೊಂದು ಗುರುತು. ಲೈಟು ಆರಿಸಿ ಚಿಪ್ಪು ನೋಡಿ. ಆರಿದಾಗ ನಿಂಬೆ ಹಳದಿ ಕಂಡರೆ ಅದು ಬಿಳಿ ಎಲ್‌ಇಡಿ, ಮೋಸ ಹೋಗಬೇಡಿ. ಆ ಹಳದಿ ಫಾಸ್ಫರ್ ಲೇಪನದ್ದು. ನಿಜವಾದ ಅಂಬರ್ ಚಿಪ್ಪು ಆರಿದಾಗ ಹಾಗೆ ಕಾಣುವುದಿಲ್ಲ.

ಕಂಪನಿಯ ಹೆಸರು ಯಾಕೆ ಬರೆದಿಲ್ಲ ಅಂದರೆ, ಬರೆದು ಉಪಯೋಗವಿಲ್ಲ. ಒಂದೇ ಕಾರ್ಖಾನೆಯ ಮಾಲಿಗೆ ನಾಲ್ಕು ಹೆಸರಿನ ಸ್ಟಿಕ್ಕರ್ ಬೀಳುತ್ತದೆ. ಇಂದಿನ ಹೆಸರು ಮುಂದಿನ ಲಾಟಿನಲ್ಲಿ ಇರಲಿಕ್ಕಿಲ್ಲ. ನೋಡಬೇಕಾದ್ದು ಚಿಪ್ಪು, ಗಾಜು, ನಟ್ಟು ಬೋಲ್ಟು.

ಬೆಳಕು ಹೇಗಿದೆ? ಮಾಳಿಗೆ ಮೇಲೆ ಕಟ್ಟಿ ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದೆ. ಅದೇ ವ್ಯಾಟಿನ ಬಿಳಿ ಲೈಟಿಗೆ ಹೋಲಿಸಿದರೆ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಅಂದರೆ ಬಿಳಿ ಲೈಟಿನ ಲೆಕ್ಕದಲ್ಲಿ ಅಂದಾಜು ಪಟ್ಟಿ ಕೊಟ್ಟವರು ಕೈ ಸುಟ್ಟುಕೊಳ್ಳುತ್ತಾರೆ. ಲೈಟಿನ ಸಂಖ್ಯೆ ಹೆಚ್ಚಿಸಲೇಬೇಕು. ಹೆಚ್ಚಿಸಿದರೂ ತಪ್ಪಿಲ್ಲ, ಯಾಕಂದರೆ ಎತ್ತರದ ಕಂಬಕ್ಕೆ ದೊಡ್ಡ ಲೈಟು ಏರಿಸುವ ನಮ್ಮ ಸಿಮೆಂಟ್ ಯಾರ್ಡಿನ ಅಭ್ಯಾಸ ದಂಡೆಯಲ್ಲಿ ನಡೆಯುವುದಿಲ್ಲ. ಗುತ್ತೇದಾರರ ಡ್ರಾಯಿಂಗಿನಲ್ಲಿ ಆರು ಮೀಟರಿನ ಕಂಬಗಳಿದ್ದವು. ಮೂರಕ್ಕೆ ಇಳಿಸಿ, ಲೈಟು ಹತ್ತಿರ ಹತ್ತಿರ ಹಾಕಿ, ಬೆಳಕು ಕೆಲಸದ ಜಾಗಕ್ಕೆ ಮಾತ್ರ ಬೀಳುವಂತೆ ಬಗ್ಗಿಸಿ ಅಂದೆ. ಖರ್ಚಿನ ಮಾತು ಬಂದಾಗ ಅವರ ಮುಖ ಸಣ್ಣದಾಯಿತು, ಆದರೆ ಒಪ್ಪಿದರು.

ಒಂದು ಅನುಕೂಲ ನಾನು ಎಣಿಸಿಯೇ ಇರಲಿಲ್ಲ: ಮಾಳಿಗೆಯ ಬಿಳಿ ಲೈಟಿಗೆ ಮುತ್ತುವ ಹುಳುಗಳು ಇದರ ಹತ್ತಿರ ಭಾಳ ಕಡಿಮೆ. ನಮ್ಮ ಅತ್ತೆಯವರು ಅದನ್ನು ನೋಡಿ, "ಆಮೆಗೆ ಕಳಿಸೂದು ಆಮೇಲೆ, ಒಂದು ನಮ್ಮ ಅಂಗಳಕ್ಕ ಹಾಕು" ಅಂದರು. ಹಾಕಿದ್ದೇನೆ.

ಈಗ ತೊಂದರೆಗಳು. ದೊಡ್ಡದು ಬಣ್ಣದ್ದು. ಈ ಬೆಳಕಿನಲ್ಲಿ ಲೋಕವೆಲ್ಲ ಒಂದೇ ಬಣ್ಣ. ಸೈಟಿನಿಂದ ಶಹಾಪುರದ ವೈರ್‌ಮನ್ ಹುಡುಗ ಮೊದಲ ರಾತ್ರಿಯೇ ವಿಡಿಯೊ ಕಾಲ್ ಮಾಡಿದ: "ಅಕ್ಕಾರ, ಆರ್ ಯಾವ್ದು, ವೈ ಯಾವ್ದು, ಬಿ ಯಾವ್ದು, ಒಂದೂ ತಿಳೀವಲ್ದು ನೋಡ್ರಿ!" ಕೆಂಪು, ಹಳದಿ, ನೀಲಿ ತಂತಿಗಳ ಮೂರು ಫೇಸಿನ ಕೇಬಲ್ ಬಿಚ್ಚಿ ಹಿಡಿದಿದ್ದ. ಕೆಂಪು ಮಾಸಲು ಕಂದಾಗಿತ್ತು, ನೀಲಿ ಪೂರ್ತಿ ಕಪ್ಪು, ಹಸಿರು ಅರ್ತಿಂಗ್ ತಂತಿಯೂ ಅದರ ಪಕ್ಕದಲ್ಲಿ ಕಪ್ಪೇ. ಇದು ನಗುವ ಮಾತಲ್ಲ, ಜೀವದ ಮಾತು. ಕೂಡಲೇ ಕೆಲಸ ನಿಲ್ಲಿಸಲು ಹೇಳಿದೆ. ಪ್ಯಾನೆಲ್ ಬೋರ್ಡನ್ನೆಲ್ಲ ಕಂಟೇನರಿನೊಳಗೆ ಸೇರಿಸಿ, ಕಿಟಕಿ ಮುಚ್ಚಿ, ಒಳಗೆ ಬಿಳಿ ಲೈಟು ಹಾಕಿದ್ದಾರೆ. ಹೊರಗೆ ಜಾಯಿಂಟ್ ಹೊಡೆಯುವುದು ಹಗಲಿಗೆ ಮಾತ್ರ. ಅಂಬರ್ ಲೈಟು ಕೊಳ್ಳುವವರು ಈ ವ್ಯವಸ್ಥೆಗೂ ಸೇರಿಸಿ ದುಡ್ಡು ತೆಗೆದಿಡಿ. ಡಬ್ಬದ ಮೇಲೆ ಈ ಎಚ್ಚರಿಕೆ ಒಂದು ಸಾಲು ಇರಬೇಕಿತ್ತು.

ಎರಡನೆಯದು ಮರೆ. ಇದನ್ನು ನಮ್ಮ ಹುಡುಗರು 'ಟೋಪಿ' ಅನ್ನುತ್ತಾರೆ. ಕಂಪನಿ ಕೊಟ್ಟ ಟೋಪಿ ಬೆರಳುದ್ದದ ತಗಡು, ಮಳೆ ನೀರು ತಡೆಯಲಿಕ್ಕೆ ಸಾಕು, ಬೆಳಕು ತಡೆಯುವುದಿಲ್ಲ. ಪಕ್ಕಕ್ಕೆ ನಿಂತು ನೋಡಿದರೆ ಚಿಪ್ಪು ನೇರ ಕಣ್ಣಿಗೆ ಹೊಡೆಯುತ್ತದೆ. ಮನುಷ್ಯನಿಗೆ ಕಂಡದ್ದು ಆಮೆಗೂ ಕಾಣುತ್ತದೆ, ಅಂಬರ್ ಆದರೂ ನೇರ ಕಂಡರೆ ದೀಪ ದೀಪವೇ. ಕಪನೂರಿನ ಫ್ಯಾಬ್ರಿಕೇಷನ್ ಶೆಡ್ಡೊಂದರಲ್ಲಿ ಮೂರು ಬದಿಯ ಉದ್ದ ಟೋಪಿ ಮಾಡಿಸಿ ಒಳಗೆ ಮ್ಯಾಟ್ ಕಪ್ಪು ಬಳಿಸಿದೆ. ಲೈಟಿನ ಬೆಲೆ ಸುಮಾರು ನಾಲ್ಕೂವರೆ ಸಾವಿರ, ಟೋಪಿಗೆ ಮೇಲೆ ಏಳುನೂರು. ನನ್ನನ್ನು ಕೇಳಿದರೆ ಆ ಏಳುನೂರೇ ಹೆಚ್ಚು ಕೆಲಸ ಮಾಡುತ್ತಿದೆ.

ಮೂರನೆಯದು ಉಪ್ಪುಗಾಳಿ. ಸ್ಕ್ರೂಗಳು ಸ್ಟೇನ್‌ಲೆಸ್ ಅಂತ ಹೇಳಿದ್ದರು. ನಾನು ಅಯಸ್ಕಾಂತ ಹಿಡಿದಾಗ ಟಪ್ ಅಂತ ಕಚ್ಚಿಕೊಂಡಿತು. ಸಮುದ್ರಕ್ಕೆ 316 ದರ್ಜೆಯ ಸ್ಟೀಲ್ ಬೇಕು, ಅದಕ್ಕೆ ಅಯಸ್ಕಾಂತ ಹೀಗೆ ಅಂಟುವುದಿಲ್ಲ. ಬೋಲ್ಟು ನಾನೇ ಬದಲಿಸಿ ಕಳಿಸಿದೆ. ಕೇಬಲ್ ಒಳಗೆ ಹೋಗುವ ಗ್ಲ್ಯಾಂಡ್ ಮಾತ್ರ ಅವರದ್ದೇ ಉಳಿಯಿತು. ಕೆಲವು ವಾರಗಳಲ್ಲೇ ರಬ್ಬರು ಸೀಳಿ, ಗಾಜಿನ ಒಳಗಡೆ ಹನಿ ಕಟ್ಟಿದ ಫೋಟೊ ಬಂತು. ಐಪಿ 66, ಅಂದರೆ ಧೂಳು ನೀರು ಒಳಗೆ ಹೋಗುವುದಿಲ್ಲ ಅಂತ ಅಚ್ಚು ಹಾಕಿದ ಮೈಗೆ ಇದು ಶೋಭೆಯಲ್ಲ. ಎಲ್‌ಇಡಿಗೆ ಕರೆಂಟು ಹದ ಮಾಡಿ ಕೊಡುವ ಡ್ರೈವರ್ ಮಾತ್ರ ಗಟ್ಟಿ; ಜನರೇಟರ್ ವೋಲ್ಟೇಜು ಕುಣಿದರೂ ಮಿಣುಕಿಲ್ಲ.

ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳಬೇಕು, ಹಳದಿ ಕಾಗದ ಅಂಟಿಸಿದರೆ ಆಯ್ತಲ್ಲ ಅಂತ ಒಬ್ಬರು ನನಗೆ ಸಲಹೆ ಕೊಟ್ಟರು. ಅವರಿಗಾಗಿ ಕಾನೂನಿನ ನಾಲ್ಕು ಮಾತು. ನಮ್ಮ ಕರಾವಳಿಗೆ ಬರುವ ಆಲಿವ್ ರಿಡ್ಲೆ ಸೇರಿದಂತೆ ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಆ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಸಜೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಆಮೆ ಮೊಟ್ಟೆಯಿಡುವ ಜಾಗಗಳು ಅತಿ ಸೂಕ್ಷ್ಮವಾದ 1ಎ ವಲಯದಲ್ಲಿ ಬರುತ್ತವೆ, ಅಲ್ಲಿ ಕಟ್ಟಡ ಕೆಲಸಕ್ಕೆ ಬಹುಮಟ್ಟಿಗೆ ಬಾಗಿಲು ಮುಚ್ಚಿದೆ. ಜೆಟ್ಟಿಯಂಥದಕ್ಕೆ ಅವಕಾಶ ಇರುವುದು ಉಬ್ಬರ ಇಳಿತದ ನಡುವಿನ 1ಬಿ ವಲಯದಲ್ಲಿ. ನಕ್ಷೆಯಲ್ಲಿ ಗೆರೆ ಎಳೆದು ಎರಡನ್ನೂ ಬೇರೆ ಮಾಡಬಹುದು. ಬೆಳಕು ಗೆರೆ ನೋಡಿ ನಿಲ್ಲುವುದಿಲ್ಲವಲ್ಲ. ಅದಕ್ಕೇ ಷರತ್ತು. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಅನುಮತಿ ಪಡೆದ ಯೋಜನೆಯವರು ಷರತ್ತು ಪಾಲಿಸಿದ್ದೇವೆ ಅಂತ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ವರದಿಯಲ್ಲಿ ಲೈಟಿನ ಫೋಟೊ ಇರುತ್ತದೆ. ನನಗೆ ಗೊತ್ತಿರುವ ಮಟ್ಟಿಗೆ ಸೈಟಿನವರು ಲೈಟಿನ ಫೋಟೊ ತೆಗೆಯುವುದು ಹಗಲು ಹನ್ನೊಂದಕ್ಕೆ, ಲೈಟು ಆರಿದ್ದಾಗ.

ಇದು ನನ್ನ ತಕರಾರು, ಲೈಟಿನ ಮೇಲಲ್ಲ, ಷರತ್ತಿನ ಮೇಲೆ. ಒಡಿಶಾದ ಗಹಿರ್ಮಾತಾ ಹತ್ತಿರ ಧಾಮ್ರಾ ಬಂದರು ಕಟ್ಟುವಾಗ ಆಮೆಗಳ ಕಾರಣಕ್ಕೆ ದೊಡ್ಡ ವಿವಾದವಾಗಿ, ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದ ತಜ್ಞರು ಬಂದು ದೀಪಕ್ಕೆ ಮರೆ ಹೇಗೆ, ಹೂಳೆತ್ತುವ ಹಡಗಿಗೆ ಆಮೆ ಸಿಕ್ಕದಂತೆ ಡಿಫ್ಲೆಕ್ಟರ್ ಹೇಗೆ ಅಂತ ಸಲಹೆ ಕೊಟ್ಟಿದ್ದರು. ಸರ್ಕಾರಕ್ಕೆ ಪ್ರಕೃತಿ ಸಂರಕ್ಷಣೆಯ ಸಲಹೆ ಕೊಡುವ ಬ್ರಿಟನ್ನಿನ ಜೆಎನ್‌ಸಿಸಿ ಸಂಸ್ಥೆ, ಸಮುದ್ರತಳಕ್ಕೆ ಕಂಬ ಹೊಡೆಯುವ ಪೈಲಿಂಗ್ ಕೆಲಸದ ಸದ್ದಿನ ಬಗ್ಗೆ 2010ರಲ್ಲಿ ಕೊಟ್ಟ ಮಾರ್ಗಸೂಚಿ ನೋಡಿ: ಸುತ್ತ 500 ಮೀಟರಿನಲ್ಲಿ ಡಾಲ್ಫಿನ್‌ನಂಥ ಪ್ರಾಣಿ ಇದೆಯೇ ಅಂತ ಕನಿಷ್ಠ 30 ನಿಮಿಷ ಕಾಯಬೇಕು, ಆಮೇಲೆ ಸುತ್ತಿಗೆಯ ಬಲವನ್ನು ಕನಿಷ್ಠ 20 ನಿಮಿಷ ನಿಧಾನಕ್ಕೆ ಏರಿಸಬೇಕು. ವಾಚು ಕಟ್ಟಿದ ಯಾವ ಮೇಸ್ತ್ರಿಯೂ ಇದನ್ನು ಮಾಡಬಲ್ಲ, ಮಾಡದಿದ್ದರೆ ಯಾವ ಇನ್ಸ್‌ಪೆಕ್ಟರೂ ಹಿಡಿಯಬಲ್ಲ. ನನಗೆ ಬಂದ ಪುಟದಲ್ಲಿ 560 ನ್ಯಾನೊಮೀಟರ್, ಮೂರು ಮೀಟರ್ ಎತ್ತರ, ದಂಡೆಯಿಂದ ನೋಡಿದರೆ ಚಿಪ್ಪು ಕಾಣಬಾರದು, ಇಷ್ಟು ಬರೆದಿದ್ದರೆ ಸಿಡಿ ಹಿಡಿದು ಅಂಗಡಿ ಅಂಗಡಿ ಅಲೆಯುವ ಕೆಲಸ ಇರುತ್ತಿರಲಿಲ್ಲ. ಹಳದಿ ಕಾಗದದವರಿಗೂ ಬಾಯಿ ಇರುತ್ತಿರಲಿಲ್ಲ.

ಯಾರು ಕೊಳ್ಳಬಹುದು? ದಂಡೆಯ ಹತ್ತಿರ ರಾತ್ರಿ ಕೆಲಸ ಇರುವವರು, ಅಲ್ಲಿನ ರೆಸಾರ್ಟಿನವರು ಕಣ್ಣು ಮುಚ್ಚಿ ಕೊಳ್ಳಿ, ಆದರೆ ಟೋಪಿ, ಬೋಲ್ಟು, ಗ್ಲ್ಯಾಂಡ್ ಮೂರನ್ನೂ ನಿಮ್ಮದೇ ಹಾಕಿ. ನಮ್ಮ ಕಡೆಯ ಮಿಲ್ಲು, ಕಾರ್ಖಾನೆಗೆ ಬೇಡ. ಬಣ್ಣ ಗುರುತು ಹಿಡಿಯುವ ಕೆಲಸ ಇದ್ದಲ್ಲಿ ಅಪಾಯ. ಅಂಗಳದ ಹುಳುವಿನ ಕಾಟಕ್ಕೆ ಇಷ್ಟು ದೊಡ್ಡದು ಬೇಕಿಲ್ಲ, ಸಣ್ಣ ಅಂಬರ್ ಬಲ್ಬು ಸಾಕು. ಅತ್ತೆಯವರು ಒಪ್ಪುವುದಿಲ್ಲ, ಅದು ಬೇರೆ ಮಾತು.

ಗ್ಲ್ಯಾಂಡ್ ಬದಲಿಸಿಕೊಡುತ್ತೇವೆ ಅಂತ ಅಂಗಡಿಯವರು ಕಂಪನಿಯ ಪರವಾಗಿ ಮಾತು ಕೊಟ್ಟಿದ್ದಾರೆ. ಮಾಲು ಕೈಗೆ ಬರುವವರೆಗೆ ಎರಡನೇ ಲಾಟಿನ ದುಡ್ಡು ನನ್ನ ಹತ್ತಿರವೇ ಇರುತ್ತದೆ.